ವಾಲಿಂಗ್‌ಫರ್ಡಿನ ಸಂತೆ, ಕಾಶಿರಾಜನ ಬಾವಿ

ಇಂಗ್ಲೆಂಡಿಗೆ ಹೋಗಿ ಬಂದವರನ್ನು ನಮ್ಮ ಕಡೆಯ ಜನ ಲಂಡನ್ ಸೇತುವೆ ನೋಡಿದಿರಾ, ಅರಮನೆ ನೋಡಿದಿರಾ ಎಂದು ಕೇಳುತ್ತಾರೆ. ನೋಡಿದೆವು ಎಂದರೆ ಅವರಿಗೂ ಸಮಾಧಾನ, ನಮಗೂ ಹೆಚ್ಚು ಮಾತನಾಡುವ ಶ್ರಮವಿಲ್ಲ. ಆದರೆ ಒಂದು ದೇಶದ ಗುಣ ತಿಳಿಯಬೇಕಾದರೆ ಅದರ ರಾಜಧಾನಿಗಿಂತ ಸಂತೆಯ ಊರು ಮೇಲು ಎಂಬುದು ನನ್ನ ಹಳೆಯ ನಂಬಿಕೆ. ರಾಜಧಾನಿ ಎಂಬುದು ಬಂದವರ ಕಣ್ಣಿಗೆ ಒಪ್ಪುವಂತೆ ಸದಾ ಸಿಂಗರಿಸಿಕೊಂಡು ಕುಳಿತಿರುತ್ತದೆ. ಸಂತೆಗೆ ಅಷ್ಟು ಪುರಸತ್ತೆಲ್ಲಿ? ಕೊಳ್ಳುವವರು, ಮಾರುವವರು, ಸುಮ್ಮನೆ ಮುಟ್ಟಿ ನೋಡಿ ಮುಂದೆ ಹೋಗುವವರು, ಎಲ್ಲರೂ ಅಲ್ಲಿ ಇದ್ದಂತೆಯೇ ಇರುತ್ತಾರೆ.

ನಮ್ಮಲ್ಲಿ ಸಂತೆ ಎಂದರೆ ಸಾಮಾನ್ಯವಾದ ಮಾತು. ವಾರಕ್ಕೊಂದು ದಿನ ನಾಲ್ಕು ಹಳ್ಳಿಯವರು ಕೂಡಿದರೆ ಸಂತೆಯಾಯಿತು. ಸಂತೇಬೆನ್ನೂರು, ಸಂತೇಮರಹಳ್ಳಿ ಎಂದು ಊರ ಹೆಸರಿನಲ್ಲಿಯೇ ಸಂತೆಯನ್ನು ಇಟ್ಟುಕೊಂಡವರು ನಾವು. ಇಂಗ್ಲೆಂಡಿನಲ್ಲಿ ಹಿಂದೆ ಅಷ್ಟು ಸಲೀಸಾಗಿರಲಿಲ್ಲ. ಸಂತೆ ಕೂಡಿಸುವುದಕ್ಕೆ ಅರಸನ ಸನ್ನದು ಬೇಕಾಗಿತ್ತು. ಸನ್ನದು ಪಡೆದ ಊರು ‘ಮಾರ್ಕೆಟ್ ಟೌನ್’ ಎನಿಸಿಕೊಂಡು ತಲೆಯೆತ್ತಿ ನಡೆಯುತ್ತಿತ್ತು. ಪಡೆಯದ ಊರು ಹಳ್ಳಿಯಾಗಿ ಉಳಿಯುತ್ತಿತ್ತು. ಅಂಗಡಿ ಹಾಕಿದವನಿಂದ ಸುಂಕ ಎತ್ತುವ ಹಕ್ಕು ಯಾರದು, ಆ ಹಣ ಯಾರ ಪೆಟ್ಟಿಗೆಗೆ ಸೇರಬೇಕು ಎಂಬುದೆಲ್ಲ ಇಂಥ ಸನ್ನದುಗಳ ಸುತ್ತಲೇ ನಡೆಯುತ್ತಿದ್ದ ವ್ಯವಹಾರ. ಈರುಳ್ಳಿ ಮಾರುವುದಕ್ಕೂ ರಾಜಮುದ್ರೆ ಬೇಕಾದ ಕಾಲ ಅದು.

ಇಂಥ ಊರುಗಳಲ್ಲಿ ಒಂದು ವಾಲಿಂಗ್‌ಫರ್ಡ್. ಆಕ್ಸ್‌ಫರ್ಡಿನಿಂದ ದಕ್ಷಿಣಕ್ಕೆ ಹದಿಮೂರು ಮೈಲಿಯ ಆಸುಪಾಸಿನಲ್ಲಿ, ಥೇಮ್ಸ್ ನದಿಯ ಪಶ್ಚಿಮದ ದಂಡೆಯ ಮೇಲಿದೆ. ನನ್ನ ಮಗಳು, ಅಳಿಯಂದಿರು ಇರುವುದು ರೆಡಿಂಗ್ ಎಂಬ ಪಟ್ಟಣದಲ್ಲಿ. ಇಂಗ್ಲಿಷಿನಲ್ಲಿ ಬರೆಯುವಾಗ ‘ಓದುವುದು’ ಎಂಬ ಅರ್ಥದ ಮಾತನ್ನೇ ಬರೆದು, ಓದುವಾಗ ಮಾತ್ರ ಬೇರೆ ರೀತಿ ಓದುತ್ತಾರೆ. ಓದು ಎಂಬ ಹೆಸರಿನ ಊರನ್ನೇ ಬರೆದಂತೆ ಓದಲಾಗದ ಈ ಭಾಷೆಯನ್ನು ನಾವು ಇಷ್ಟು ಕಾಲ ಹೇಗೆ ಕಲಿತೆವೋ! ಇರಲಿ. ಜೂನ್ ತಿಂಗಳ ಒಂದು ಶುಕ್ರವಾರ, ಅಲ್ಲಿನ ಸಂತೆಯ ದಿನ, ನಾನೂ ನನ್ನ ಮನೆಯಾಕೆಯೂ ಬಸ್ಸು ಹತ್ತಿ ವಾಲಿಂಗ್‌ಫರ್ಡಿಗೆ ಹೊರಟೆವು. ನಾನು ಹೈಸ್ಕೂಲಿನಲ್ಲಿ ಹುಡುಗರಿಗೆ ಇತಿಹಾಸ ಹೇಳಿ ನಿವೃತ್ತನಾದವನು. ಹಳೆಯ ಗೋಡೆ ಕಂಡರೆ ನಿಲ್ಲುತ್ತೇನೆ. ಆಕೆ ಹಳೆಯ ಗೋಡೆಯ ನೆರಳು ಕಂಡರೆ ಕುಳಿತುಕೊಳ್ಳುತ್ತಾಳೆ. ಹೀಗಾಗಿ ಪ್ರವಾಸದಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ.

ಊರ ನಡುವೆ ಒಂದು ಚೌಕ. ಚೌಕದ ಒಂದು ಪಕ್ಕದಲ್ಲಿ 1670ರಲ್ಲಿ ಕಟ್ಟಿದ ಟೌನ್ ಹಾಲು. ಕಟ್ಟಡದ ಕೆಳಗಿನ ಭಾಗಕ್ಕೆ ಗೋಡೆಯೇ ಇಲ್ಲ. ಕಲ್ಲಿನ ಕಂಬಗಳು, ಕಂಬಗಳ ಮೇಲೆ ಸಭಾಂಗಣ. ಮೇಲೆ ಊರಿನ ಹಿರಿಯರು ಕೂಡುವುದು, ಕೆಳಗೆ ಮಳೆ ಬಂದರೆ ಯಾರು ಬೇಕಾದರೂ ನಿಲ್ಲುವುದು. ನಮ್ಮ ಚಾವಡಿಯನ್ನೂ ಸಂತೆಯ ಮಂಟಪವನ್ನೂ ಒಂದರ ಮೇಲೊಂದು ಕೂಡಿಸಿದಂತಿದೆ. ಎದುರಿಗೆ ಬಟ್ಟೆಯ ಚಪ್ಪರ ಹಾಕಿದ ಅಂಗಡಿಗಳು. ತರಕಾರಿ, ರೊಟ್ಟಿ, ಚೀಸು, ಮೀನು, ಹೂವಿನ ಸಸಿಗಳು. ಎಲ್ಲಕ್ಕೂ ಬೆಲೆಯ ಚೀಟಿ ಚುಚ್ಚಿದ್ದಾರೆ. ಕೂಗಾಟವಿಲ್ಲ. ಸಂತೆಯೋ ಗ್ರಂಥಾಲಯವೋ ಎನ್ನಿಸುವಷ್ಟು ಮೆಲ್ಲನೆ ವ್ಯಾಪಾರ ನಡೆಯುತ್ತಿತ್ತು.

“ಇಲ್ಲಿ ಚೌಕಾಸಿ ನಡೆಯೋಲ್ವೇನ್ರೀ?” ಎಂದಳು ಮನೆಯಾಕೆ.

“ಬೆಲೆ ಬರೆದಿಟ್ಟಿದಾರಲ್ಲ.”

“ಬರೆದಿಟ್ಟರೇನಂತೆ? ನಮ್ಮೂರಲ್ಲಿ ಬಸ್ ನಿಲ್ದಾಣದಲ್ಲೂ ಹೊತ್ತು ಬರೆದಿಟ್ಟಿರ್ತಾರೆ.”

ಈ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಕೆ ಒಂದು ಕಟ್ಟು ಮೂಲಂಗಿಯ ಮುಂದೆ ನಿಂತು, ಎಲೆ ತಿರುವಿ ನೋಡಿ, ಅಂಗಡಿಯವನ ಮುಖ ನೋಡಿ, ಮುಗುಳ್ನಕ್ಕಳು. ಅವನಿಗೆ ಏನು ತಿಳಿಯಿತೋ, ಇನ್ನೊಂದು ಕಟ್ಟನ್ನು ತಾನಾಗಿಯೇ ಚೀಲಕ್ಕೆ ಹಾಕಿದ. ಚೌಕಾಸಿಗೆ ಭಾಷೆ ಬೇಡವೆಂಬುದು ಆಗ ನನಗೆ ಖಚಿತವಾಯಿತು.

ಚೌಕದ ಇನ್ನೊಂದು ಮಗ್ಗುಲಲ್ಲಿ 1856ರಲ್ಲಿ ಕಟ್ಟಿದ ಧಾನ್ಯದ ಪೇಟೆ, ‘ಕಾರ್ನ್ ಎಕ್ಸ್‌ಚೇಂಜ್’. ರೈತರು, ವರ್ತಕರು ಕಾಳಿನ ಮಾದರಿ ಹಿಡಿದು ದರ ಕಟ್ಟುತ್ತಿದ್ದ ಜಾಗ ಈಗ ನಾಟಕಶಾಲೆ. ಸಿನೋಡನ್ ಪ್ಲೇಯರ್ಸ್ ಎಂಬ ಊರಿನ ಹವ್ಯಾಸಿ ನಾಟಕ ತಂಡದವರು ಅಲ್ಲಿ ಆಡುತ್ತಾರೆ. ಪತ್ತೇದಾರಿ ಕಥೆಗಳ ಅಗಾಥಾ ಕ್ರಿಸ್ಟಿ 1951ರಿಂದ 1976ರವರೆಗೆ ಆ ತಂಡದ ಅಧ್ಯಕ್ಷೆಯಾಗಿದ್ದಳು. ಆಕೆ 1934ರಿಂದ ಸಾಯುವವರೆಗೂ ಈ ಊರಿನ ಅಂಚಿನ ವಿಂಟರ್‌ಬ್ರೂಕಿನಲ್ಲಿ ಮನೆ ಇಟ್ಟುಕೊಂಡಿದ್ದಳು. ಇಂಥ ಶಾಂತವಾದ ಊರಿನಲ್ಲಿ ಕುಳಿತು ಅಷ್ಟೊಂದು ಕೊಲೆಗಳನ್ನು ಹೇಗೆ ಕಲ್ಪಿಸಿದಳೋ ಎಂದು ನಾನು ಆಶ್ಚರ್ಯಪಟ್ಟೆ. ಚಿಕ್ಕಂದಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಅಡಿಗೆಮನೆಯ ಡಬ್ಬಗಳ ಹಿಂದೆ ಬಚ್ಚಿಟ್ಟು ಓದಿದ್ದ ನನ್ನ ಮನೆಯಾಕೆಗೆ ಆಶ್ಚರ್ಯವೇನೂ ಆಗಲಿಲ್ಲ. “ಶಾಂತವಾದ ಮನೇಲೇ ಅಲ್ವೇ ಯೋಚನೆ ಮಾಡೋಕೆ ಪುರಸತ್ತು” ಎಂದಳು.

ಪೇಟೆಯಿಂದ ನಾಲ್ಕು ಹೆಜ್ಜೆ ಪಶ್ಚಿಮಕ್ಕೆ ಹೋದರೆ ಕೈನ್‌ಕ್ರಾಫ್ಟ್ ಎಂಬ ಬಯಲು. ಬಯಲಿನ ಅಂಚಿಗೆ ಆಳೆತ್ತರಕ್ಕೂ ಮೀರಿದ ಮಣ್ಣಿನ ಏರಿ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಜಾರುತ್ತಿದ್ದ ಮಕ್ಕಳು. ಕೆರೆಯಿಲ್ಲದ ಕಡೆ ಕೆರೆಯ ಏರಿಯೇಕೆ ಎಂದು ನಮ್ಮವರಿಗೆ ಅನ್ನಿಸಬೇಕು. ಅದು ಊರಿನ ಕೋಟೆಗೋಡೆ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಡೇನರ ಹಾವಳಿಯನ್ನು ತಡೆಯಲು ಆಲ್ಫ್ರೆಡ್ ದೊರೆ ತನ್ನ ರಾಜ್ಯದ ಸುತ್ತ ಇಂಥ ಕೋಟೆಯೂರುಗಳ ಸಾಲನ್ನೇ ಏರ್ಪಡಿಸಿದನು. ಯಾವ ಊರಿನ ಗೋಡೆಗೆ ಎಷ್ಟು ಆಳು ಬೇಕು ಎಂಬ ಹಳೆಯ ಪಟ್ಟಿಯೊಂದು ಉಳಿದುಬಂದಿದೆ. ಅದರ ಲೆಕ್ಕದಲ್ಲಿ ವಾಲಿಂಗ್‌ಫರ್ಡಿಗೆ 2400 ಆಳು. ರಾಜಧಾನಿಯೆನಿಸಿದ ವಿಂಚೆಸ್ಟರಿಗೂ ಅಷ್ಟೇ. ಅಂದರೆ ಈಗ ಮೂಲಂಗಿ ಮಾರುವ ಈ ಊರು ಒಂದು ಕಾಲಕ್ಕೆ ರಾಜಧಾನಿಗೆ ಸರಿಸಮ.

ಏರಿಯ ಇನ್ನೊಂದು ಕೊನೆಯಲ್ಲಿ, ನದಿಯ ಬದಿಗೆ, ವಾಲಿಂಗ್‌ಫರ್ಡಿನ ದುರ್ಗವಿದ್ದ ಜಾಗ. 1066ರಲ್ಲಿ ನಾರ್ಮಂಡಿಯ ವಿಲಿಯಂ ಥೇಮ್ಸನ್ನು ದಾಟಿದ್ದು ಇಲ್ಲಿ. ಮುಂದಿನ ಕೆಲವೇ ವರ್ಷಗಳಲ್ಲಿ ದುರ್ಗ ಎದ್ದಿತು. ಆಮೇಲೆ ದಾಯಾದಿ ಕಲಹ. ಮೊದಲನೆಯ ಹೆನ್ರಿಯ ಮಗಳು ಮಟಿಲ್ಡಾ ಒಂದು ಕಡೆ, ಆಕೆಯ ಸೋದರತ್ತೆಯ ಮಗ ಸ್ಟೀಫನ್ ಇನ್ನೊಂದು ಕಡೆ, ಸಿಂಹಾಸನ ಒಂದೇ. 1142ರ ಡಿಸೆಂಬರಿನಲ್ಲಿ ಆಕ್ಸ್‌ಫರ್ಡಿನ ಕೋಟೆಯಲ್ಲಿ ಸಿಕ್ಕಿಬಿದ್ದ ಮಟಿಲ್ಡಾ, ಹಿಮದಲ್ಲಿ ಕಾಣದಿರಲೆಂದು ಬಿಳಿಯ ಬಟ್ಟೆ ಹೊದ್ದು, ಹೆಪ್ಪುಗಟ್ಟಿದ ನದಿಯ ಮೇಲೆ ನಡೆದು ತಪ್ಪಿಸಿಕೊಂಡಳೆಂದು ಚರಿತ್ರಕಾರರು ಬರೆದಿದ್ದಾರೆ. ಆಕೆ ಬಂದು ಸೇರಿದ್ದು ವಾಲಿಂಗ್‌ಫರ್ಡಿಗೆ. ಊರು ಆಕೆಯ ಕೈ ಬಿಡಲಿಲ್ಲ. 1153ರಲ್ಲಿ ಇಲ್ಲಿಯೇ ಸಂಧಿಯ ಮಾತುಕತೆಯಾಯಿತು. ಸ್ಟೀಫನ್ ತಾನು ಬದುಕಿರುವವರೆಗೆ ಆಳಿ, ಅನಂತರ ಮಟಿಲ್ಡಾಳ ಮಗನಿಗೆ ರಾಜ್ಯ ಎಂದು ತೀರ್ಮಾನ. ಆ ಮಗನೇ ಎರಡನೆಯ ಹೆನ್ರಿ. ಪಟ್ಟಕ್ಕೆ ಬಂದ ಮರುವರ್ಷವೇ, 1155ರಲ್ಲಿ, ಈ ಊರಿಗೆ ಸನ್ನದು ಕೊಟ್ಟನು. ತನ್ನ ತಾಯಿಗಾಗಿ, ತನಗಾಗಿ ಊರವರು ಪಟ್ಟ ಪಾಡಿಗೆ ಅದು ಪ್ರತಿಫಲ.

ಈಗ ದುರ್ಗದಲ್ಲಿ ಏನಿದೆ ಎಂದರೆ, ಹುಲ್ಲಿದೆ. ಹದಿನೇಳನೆಯ ಶತಮಾನದ ಅಂತರ್ಯುದ್ಧದಲ್ಲಿ ಈ ಕೋಟೆ ರಾಜನ ಪಕ್ಷದಲ್ಲಿ ನಿಂತು, 1646ರಲ್ಲಿ ಮುತ್ತಿಗೆಗೆ ಸೋತಿತು. ಮತ್ತೆ ತೊಂದರೆ ಕೊಡಬಾರದೆಂದು 1652ರಲ್ಲಿ ಕೆಡವಿಸಿದರು. ಅಲ್ಲೊಂದು ಇಲ್ಲೊಂದು ಮುರಿದ ಗೋಡೆ, ಗುಡ್ಡದಂತೆ ಎದ್ದ ದಿಬ್ಬಗಳು, ಮೇಯುವ ಹುಲ್ಲು. ಆರು ನೂರು ವರ್ಷ ರಾಜರನ್ನು ಕಾದ ಕಲ್ಲು ಹೋಗಿ, ಅದಕ್ಕೂ ಹಿಂದೆ ಹೆಸರಿಲ್ಲದ ರೈತರು ಬುಟ್ಟಿಯಲ್ಲಿ ಹೊತ್ತು ಹಾಕಿದ ಮಣ್ಣು ಉಳಿದಿರುವುದು ನನಗೆ ಬಹಳ ಹಿಡಿಸಿತು. ಮನೆಯಾಕೆಗೆ ಕುಳಿತುಕೊಳ್ಳಲು ಎರಡೂ ಒಂದೇ.

ನದಿಗೆ ಇಳಿಯುವ ದಾರಿಯಲ್ಲಿ ಸೇಂಟ್ ಪೀಟರ್ ಇಗರ್ಜಿ. ಇದರ ಒಳಗೆ ಸರ್ ವಿಲಿಯಂ ಬ್ಲ್ಯಾಕ್‌ಸ್ಟನ್ನನ ಸಮಾಧಿ ಇದೆ. 1765ರಿಂದ 1769ರವರೆಗೆ ನಾಲ್ಕು ಸಂಪುಟಗಳಲ್ಲಿ ಇಂಗ್ಲೆಂಡಿನ ನ್ಯಾಯಶಾಸ್ತ್ರವನ್ನು ವಿವರಿಸಿ ಬರೆದವನು. ಈ ಊರಿನಲ್ಲಿಯೇ ಮನೆ ಮಾಡಿಕೊಂಡಿದ್ದು 1780ರಲ್ಲಿ ತೀರಿಕೊಂಡ. ನಮ್ಮ ಕಡೆಯ ಹಳೆಯ ವಕೀಲರ ಬೀರುವಿನಲ್ಲಿ ಚಿನ್ನದ ಅಕ್ಷರದ ಬೆನ್ನು ತೋರಿಸುತ್ತ ನಿಂತು ಕಕ್ಷಿಗಾರರನ್ನು ಹೆದರಿಸುತ್ತಿದ್ದ ಪುಸ್ತಕಗಳಲ್ಲಿ ಅದೂ ಒಂದು. ಅಲ್ಲಿಂದ ಮುಂದೆ ಹಳೆಯ ಸೇತುವೆ. ಸುಮಾರು 900 ಅಡಿ ಉದ್ದ, ಕೆಳಗೆ ಹಂಸಗಳು. 1809ರ ಪ್ರವಾಹ ಮೂರು ಕಮಾನುಗಳನ್ನು ಕೆಡಿಸಿದ್ದರಿಂದ ಅವನ್ನು ಮತ್ತೆ ಕಟ್ಟಿದರು. ಉಳಿದವುಗಳಲ್ಲಿ ಕೆಲವು ಮಧ್ಯಯುಗದವು.

ಊರಿನ ಕಥೆಯನ್ನೆಲ್ಲ ಒಂದೆಡೆ ನೋಡೋಣವೆಂದು ಮಧ್ಯಾಹ್ನ ವಸ್ತುಸಂಗ್ರಹಾಲಯಕ್ಕೆ ಹೋದೆವು. ಬಯಲಿನ ಪಕ್ಕದ ಹಳೆಯ ಮನೆಯೊಂದರಲ್ಲಿ ಊರವರೇ ನಡೆಸುವ ಸಂಗ್ರಹಾಲಯ. ಟಿಕೆಟ್ಟು ಕೊಡುತ್ತಿದ್ದ ವೃದ್ಧೆಯೊಬ್ಬರು ಮನೆಯಾಕೆಯ ಸೀರೆಯನ್ನು ನೋಡಿ, “ನೀವು ಇಂಡಿಯಾದವರೇ? ನಿಮ್ಮ ಆನೆಯನ್ನು ನೋಡಿದಿರಾ?” ಎಂದು ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಏಳು ಮೈಲಿಯಾಚೆ, ಸ್ಟೋಕ್ ರೋ ಎಂಬ ಹಳ್ಳಿಯಲ್ಲಿ, ಕಾಶಿಯ ಮಹಾರಾಜರು ತೋಡಿಸಿಕೊಟ್ಟ ಬಾವಿಯಿದೆ. ಅದರ ರಾಟೆಯ ಮೇಲೆ ಚಿನ್ನದ ಬಣ್ಣದ ಆನೆಯಿದೆ. ಆ ರಾಟೆಯ ಯಂತ್ರವನ್ನು ಮಾಡಿದ್ದು ಈ ಊರಿನ ವೈಲ್ಡರ್ ಕಾರ್ಖಾನೆಯವರು ಎಂದು ಅವರು ಬಿಡಿಸಿ ಹೇಳಿದರು. ಇಂಗ್ಲಿಷಿನವರು ನಮ್ಮಲ್ಲಿ ಬಾವಿ ತೋಡಿಸಿದ್ದುಂಟು. ನಮ್ಮವರು ಇಂಗ್ಲೆಂಡಿನಲ್ಲಿ ತೋಡಿಸಿದ್ದೇ? ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ 1857 ಎಂದು ಬರೆದು ಕೆಳಗೆ ಗೆರೆ ಎಳೆದ ನನಗೆ ಯಾವ ಪಠ್ಯಪುಸ್ತಕವೂ ಇದನ್ನು ಹೇಳಿರಲಿಲ್ಲ.

ಮಾರನೆಯ ದಿನ ಶನಿವಾರ. ಅಳಿಯಂದಿರಿಗೆ ರಜೆ. “ಬಾವಿ ನೋಡೋಕೆ ಅಷ್ಟು ದೂರ ಹೋಗ್ಬೇಕೇ ಮಾವ?” ಎಂದು ನಗುತ್ತಲೇ ಕಾರು ತೆಗೆದರು. ದಾರಿಯಲ್ಲಿ ಮೊದಲು ಚೋಲ್ಸಿಗೆ ಹೋಗಿ, ಇಗರ್ಜಿಯ ಹಿತ್ತಲಿನಲ್ಲಿ ಅಗಾಥಾ ಕ್ರಿಸ್ಟಿಯ ಸಮಾಧಿಯನ್ನು ನೋಡಿದೆವು. ಗಂಡ ಮ್ಯಾಕ್ಸ್ ಮಲ್ಲೋವನ್ ಕೂಡ ಅಲ್ಲಿಯೇ ಇದ್ದಾನೆ. ಅವನು ಇರಾಕಿನಲ್ಲಿ, ಸಿರಿಯಾದಲ್ಲಿ ನೆಲ ಅಗೆದು ಹಳೆಯ ನಗರಗಳನ್ನು ಹೊರಗೆ ತೆಗೆದ ಪ್ರಾಕ್ತನ ಶಾಸ್ತ್ರಜ್ಞ. ಒಬ್ಬರು ಹೂತದ್ದನ್ನು ತೆಗೆಯುವವರು, ಒಬ್ಬರು ಕಥೆಯಲ್ಲಿ ಹೂಳುವವರು, ಹೊಂದಾಣಿಕೆಯ ದಾಂಪತ್ಯ.

ಮತ್ತೆ ವಾಲಿಂಗ್‌ಫರ್ಡಿಗೆ ಬಂದು ಸೇತುವೆ ದಾಟಿ, ಆಗ್ನೇಯಕ್ಕೆ ತಿರುಗಿದರೆ ಚಿಲ್ಟರ್ನ್ ಗುಡ್ಡಗಳು. ಬುಡದಲ್ಲಿ ಇಪ್ಸ್‌ಡೆನ್ ಎಂಬ ಹಳ್ಳಿ. ಅಲ್ಲಿಂದ ಬೀಚ್ ಮರಗಳ ಕಾಡಿನ ನಡುವೆ ದಾರಿ ಏರುತ್ತ ಹೋಗುತ್ತದೆ. ಎತ್ತ ನೋಡಿದರೂ ಹಸಿರು. ಇಂಥ ನಾಡಿನಲ್ಲಿ ನೀರಿಗೇನು ಬರ ಎಂದು ಯಾರಿಗಾದರೂ ಅನ್ನಿಸಬೇಕು. ಗುಟ್ಟು ಇರುವುದು ನೆಲದಲ್ಲಿ. ಈ ಗುಡ್ಡಗಳೆಲ್ಲ ಸೀಮೆಸುಣ್ಣದ ಕಲ್ಲು. ಮಳೆ ಬೇಕಾದಷ್ಟು ಬೀಳುತ್ತದೆ, ಬಿದ್ದದ್ದು ಕಲ್ಲಿನ ಬಿರುಕಿನಲ್ಲಿ ಸೋರಿ ಕೆಳಗಿಳಿದುಬಿಡುತ್ತದೆ. ಗುಡ್ಡದ ನೆತ್ತಿಯಲ್ಲಿ ಹಳ್ಳವಿಲ್ಲ, ತೊರೆಯಿಲ್ಲ. ಜೇಡಿ ಮಣ್ಣಿದ್ದ ಕಡೆ ನಿಂತ ಹೊಂಡದ ನೀರೇ ಗತಿ. ಬೇಸಗೆ ಬಿರುಸಾದರೆ ಅದೂ ಇಲ್ಲ. ಮೈಲಿಗಟ್ಟಲೆ ಹೋಗಿ ಹೊತ್ತು ತರಬೇಕು. ಬದುಕೆಲ್ಲ ಸೀಮೆಸುಣ್ಣ ಹಿಡಿದವನು ನಾನು. ಅದು ಇಷ್ಟು ನೀರು ಕುಡಿಯುತ್ತದೆಂದು ಈಗ ತಿಳಿಯಿತು.

ಸ್ಟೋಕ್ ರೋ ಸಣ್ಣ ಹಳ್ಳಿ. ರಸ್ತೆಯ ಪಕ್ಕದಲ್ಲಿ ಹುಲ್ಲುಹಾಸು, ಅದರ ನಡುವೆ ದುಂಡಗಿನ ಮಂಟಪ. ಎರಕದ ಕಬ್ಬಿಣದ ತೆಳುವಾದ ಕಂಬಗಳು, ಮೇಲೆ ಗುಮ್ಮಟ. ನೆಲದಿಂದ ಗುಮ್ಮಟದ ತುದಿಗೆ 23 ಅಡಿ. ಕಂಬಗಳ ನಡುವೆ ಗಾಳಿಬೆಳಕು ಧಾರಾಳವಾಗಿ ಆಡುತ್ತದೆ. ಒಳಗೆ ಹಲ್ಲುಗಾಲಿಯ ರಾಟೆ, ಅದರ ಮೇಲೆ ಪುಟ್ಟ ಆನೆ. ಕಾಶಿಯ ಮಹಾರಾಜರು ಕೊಟ್ಟ ಬಾವಿ ಎಂದು ಸುತ್ತಲೂ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದೆ. ಇಂಗ್ಲೆಂಡಿನ ಹಳ್ಳಿಯ ಹೆಂಚಿನ ಮನೆಗಳ ನಡುವೆ ಈ ಗುಮ್ಮಟ, ನೆಂಟರ ಮದುವೆಗೆ ಜರಿಪೇಟ ಸುತ್ತಿಕೊಂಡು ಬಂದ ಹಿರಿಯನಂತೆ ನಿಂತಿದೆ.

ಇದರ ಕಥೆ ಹೀಗೆ. ಎಡ್ವರ್ಡ್ ಆಂಡರ್ಡನ್ ರೀಡ್ ಎಂಬಾತ ಇಪ್ಸ್‌ಡೆನ್ನಿನ ಜಮೀನುದಾರರ ಮನೆತನದವನು. ಕಾದಂಬರಿಕಾರ ಚಾರ್ಲ್ಸ್ ರೀಡನ ಅಣ್ಣ. ಕಂಪನಿಯ ಅಧಿಕಾರಿಯಾಗಿ ಇಂಡಿಯಕ್ಕೆ ಬಂದು, 1831ರಲ್ಲಿ ಆಜಂಗಢದಲ್ಲಿ ಜನರಿಗಾಗಿ ಒಂದು ಬಾವಿ ತೋಡಿಸಿದನು. 1857ರಲ್ಲಿ ಆಗ್ರಾದಲ್ಲಿದ್ದು, ಲೆಫ್ಟಿನೆಂಟ್ ಗವರ್ನರ್ ಕಾಲ್ವಿನ್ ತೀರಿಕೊಂಡಾಗ ಕೆಲವು ದಿನ ಆ ಪ್ರಾಂತದ ಹೊಣೆಯನ್ನೂ ಹೊತ್ತಿದ್ದನು. ಕಾಶಿಯ ಮಹಾರಾಜ ಈಶ್ವರೀಪ್ರಸಾದ ನಾರಾಯಣ ಸಿಂಹರಿಗೂ ಅವನಿಗೂ ಸ್ನೇಹ. ಮಾತಿನ ನಡುವೆ ಒಮ್ಮೆ ತನ್ನ ಊರ ಕಡೆಯ ನೀರಿನ ಕಷ್ಟವನ್ನು ರೀಡ್ ಹೇಳಿದನಂತೆ: ಬರಗಾಲದಲ್ಲಿ ಮನೆಯಲ್ಲಿ ಉಳಿದಿದ್ದ ಕೊನೆಯ ಗುಟುಕು ನೀರನ್ನು ಕುಡಿದುಬಿಟ್ಟನೆಂದು ತಾಯಿಯೊಬ್ಬಳು ತನ್ನ ಹುಡುಗನನ್ನು ಹೊಡೆದಳು ಎಂದು. ರೀಡ್ ಊರಿಗೆ ಹಿಂದಿರುಗಿದ ಮೇಲೆ ಇಂಗ್ಲೆಂಡಿಗೆ ಏನಾದರೂ ಉಪಕಾರ ಮಾಡಬೇಕೆಂದು ಮಹಾರಾಜರಿಗೆ ಅನ್ನಿಸಿತು. ಹೊಡೆಸಿಕೊಂಡ ಆ ಹುಡುಗನ ಕಥೆ ನೆನಪಿಗೆ ಬಂದಿತು.

1863ರ ಮಾರ್ಚಿಯಲ್ಲಿ ಅಗೆತ ಶುರು. ಬಾವಿಯ ಅಗಲ ನಾಲ್ಕೇ ಅಡಿ. ಅಷ್ಟರೊಳಗೆ ಮನುಷ್ಯರು ಕೈಯಿಂದಲೇ ಅಗೆಯುತ್ತ, ಸುಣ್ಣದ ಕಲ್ಲನ್ನು ಬಕೀಟಿನಲ್ಲಿ ಮೇಲಕ್ಕೆ ಕಳಿಸುತ್ತ ಇಳಿದರು. ನೂರಡಿಗೆ ನೀರಿಲ್ಲ, ಇನ್ನೂರಕ್ಕಿಲ್ಲ, ಮುನ್ನೂರಕ್ಕೂ ಇಲ್ಲ. ಬಾವಿಯ ಆಳ 368 ಅಡಿ. ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯನ್ನು ತಲೆಕೆಳಗು ಮಾಡಿ ಇಳಿಸಿದರೂ ಅದರ ಶಿಲುಬೆ ತಳಕ್ಕೆ ಮುಟ್ಟುವುದಿಲ್ಲ. ನಮ್ಮ ಗೊಮ್ಮಟೇಶ್ವರನನ್ನು ಒಬ್ಬರ ಮೇಲೊಬ್ಬರಂತೆ ಆರು ಬಾರಿ ನಿಲ್ಲಿಸಿದರೂ ಮೇಲೆ ಇನ್ನೂ ಇಪ್ಪತ್ತಡಿಗೆ ಕಡಮೆಯಿಲ್ಲದಷ್ಟು ಕತ್ತಲೆ ಉಳಿಯುತ್ತದೆ. 1864ರ ಮೇ 24ರಂದು, ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ದಿನ, ಬಾವಿಯನ್ನು ಊರಿಗೆ ಒಪ್ಪಿಸಿದರು. ತೋಡಿದ ಖರ್ಚು 353 ಪೌಂಡಿನ ಮೇಲೆ ಚಿಲ್ಲರೆ; ಯಂತ್ರಕ್ಕೆ ಬೇರೆ. ನೀರಿಗೆ ಯಾರೂ ಕಾಸು ಕೊಡಬೇಕಾಗಿರಲಿಲ್ಲ. ಬಾವಿಯ ನಿರ್ವಹಣೆಗೆಂದು ಪಕ್ಕದಲ್ಲಿ ಚೆರಿ ಹಣ್ಣಿನ ತೋಟ ಹಾಕಿಸಿ, ಅದಕ್ಕೆ ‘ಈಶ್ರೀ ಬಾಗ್’ ಎಂದು ಹೆಸರಿಟ್ಟರು. ಹಣ್ಣು ಮಾರಿದ ಹಣದಿಂದ ಬಾವಿ ನಡೆಯಬೇಕು. ದೇವಸ್ಥಾನಕ್ಕೆ ಮಾನ್ಯ ಬಿಟ್ಟ ಹಾಗೆ ಬಾವಿಗೆ ತೋಪು ಬಿಟ್ಟರು. ಕೊಡುವ ಕಲೆ ಗೊತ್ತಿದ್ದವರ ಏರ್ಪಾಡು ಅದು. ಕಾವಲುಗಾರನಿಗೆ ಎಂಟು ಮೂಲೆಯ ಪುಟ್ಟ ಮನೆ ಕೂಡ ಇದೆ.

ಬಾವಿಯ ಬಾಯನ್ನು ಈಗ ಭದ್ರವಾಗಿ ಮುಚ್ಚಿದ್ದಾರೆ. ಬೆಂಚಿನ ಮೇಲೆ ನಾಯಿಯೊಡನೆ ಕುಳಿತಿದ್ದ ಮುದುಕರೊಬ್ಬರು ತಾವಾಗಿಯೇ ಮಾತಿಗೆ ಬಂದರು. ಒಂದು ಬಕೀಟು ಮೇಲೆ ಬರುವುದಕ್ಕೆ ಹತ್ತು ನಿಮಿಷ ಹಿಡಿಕೆ ತಿರುಗಿಸಬೇಕಾಗಿತ್ತೆಂದೂ, ತಮ್ಮ ತಾಯಿ ಹುಡುಗಿಯಾಗಿದ್ದಾಗ ಇಲ್ಲಿ ನೀರು ತುಂಬಿದವರೆಂದೂ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಮನೆಯಾಕೆಗೆ ಹೇಳಿದೆ. ಆಳ ಎಷ್ಟು ಎಂದು ಕೇಳಿದಳು. ಅಡಿಯ ಲೆಕ್ಕ ಆಕೆಗೆ ಒಗ್ಗುವುದಿಲ್ಲ. 245 ಮೊಳ ಎಂದೆ.

ಆಕೆ ಸ್ವಲ್ಪ ಹೊತ್ತು ರಾಟೆಯನ್ನೇ ನೋಡಿದಳು. “ನಮ್ಮೂರ ಬಾವಿ ಅರವತ್ತು ಮೊಳ. ಇದು ಅಂಥವು ನಾಲ್ಕು” ಎಂದಳು.

ಆಕೆಯ ತವರು ಪಾವಗಡದ ಸೀಮೆ. ನನ್ನದು ತರೀಕೆರೆಯ ಕಡೆ. ಹಿತ್ತಲಿನಲ್ಲಿ ಎಂಟು ಮೊಳಕ್ಕೆ ನೀರು, ಮಳೆಗಾಲದಲ್ಲಿ ಬಗ್ಗಿದರೆ ಕೈಗೆ ಸಿಗುತ್ತಿತ್ತು. ತವರಿನ ನೀರಿನ ಮಾತನ್ನು ಆಕೆ ನನ್ನೆದುರು ಎಂದೂ ಎತ್ತಿದವಳಲ್ಲ. ಅಂದು, ಅಳಿಯಂದಿರು ಫೋಟೋ ತೆಗೆಯಲು ದೂರ ಹೋದಾಗ, ಹೇಳಿದಳು. ಬೆಳಗಿನ ಜಾವ ಎದ್ದು ಅವಳೂ ಅವಳಕ್ಕನೂ ಸರದಿಗೆ ನಿಲ್ಲುತ್ತಿದ್ದರು. ಒಬ್ಬಳು ಸೇದಿ ಒಬ್ಬಳು ಹಗ್ಗ ಹಿಡಿಯದಿದ್ದರೆ ಅರವತ್ತು ಮೊಳದ ಹಗ್ಗ ಕೈ ಸುಟ್ಟುಬಿಡುತ್ತಿತ್ತು. ಅಕ್ಕನ ಮದುವೆಯಾದ ಮೇಲೆ ಒಬ್ಬಳೇ. ಪರೀಕ್ಷೆಯ ದಿನ ಅಂಗೈ ಬೊಬ್ಬೆ ಎದ್ದು ಲೇಖನಿ ಹಿಡಿಯಲಾಗದೆ ಮನೆಗೆ ಬಂದಳು. ಮತ್ತೆ ಶಾಲೆಗೆ ಹೋಗಲಿಲ್ಲ.

“ನಿಮ್ಮನ್ನ ಯಾಕೆ ಒಪ್ಪಿದೆ ಗೊತ್ತೇ?” ಎಂದು ಆಕೆ ಕೇಳಿದಳು.

ನಲವತ್ತಾರು ವರ್ಷದ ದಾಂಪತ್ಯದಲ್ಲಿ ಈ ಪ್ರಶ್ನೆಗೆ ನನಗೆ ನಾನೇ ಕೊಟ್ಟುಕೊಂಡ ಉತ್ತರಗಳು ಹಲವು. ಬಿ.ಎ. ಪದವಿ ಅವುಗಳಲ್ಲಿ ಮುಖ್ಯವಾದದ್ದು.

“ಗಂಡಿನ ಮನೆ ಹಿತ್ತಲಲ್ಲಿ ಬಾವಿ ಇದೆ, ಎಂಟೇ ಮೊಳ ಅಂತ ಅಪ್ಪ ಬಂದು ಹೇಳಿದರು. ಗಂಡು ಹೇಗಿದಾನೆ ಅಂತ ನಾನು ಕೇಳಲೇ ಇಲ್ಲ.”

ನಾನು ನಕ್ಕೆ. ಆಕೆಯೂ ನಕ್ಕಳು. ಆದರೆ ಆ ಶಾಲೆ ಬಿಟ್ಟ ಹುಡುಗಿ ಇಷ್ಟು ವರ್ಷ ಒಬ್ಬ ಮೇಷ್ಟರ ಮನೆಯಲ್ಲಿ ಪುಸ್ತಕಗಳ ನಡುವೆ ಓಡಾಡಿಕೊಂಡಿದ್ದಳೆಂಬುದು ನಗು ಮುಗಿದ ಮೇಲೂ ನನ್ನನ್ನು ಬಿಡಲಿಲ್ಲ.

ಅದನ್ನು ಮರೆಯಲೋ ಎಂಬಂತೆ ನಾನು ಇತಿಹಾಸಕ್ಕೆ ಹೋದೆ. ಈ ಕೊಡುಗೆ ಅಷ್ಟು ಸರಳವಲ್ಲ ಎಂದೆ. 1857ರಲ್ಲಿ ಮಹಾರಾಜರು ಇಂಗ್ಲಿಷರ ಪಕ್ಷದಲ್ಲಿದ್ದವರು. ಬಾವಿಯನ್ನು ಒಪ್ಪಿಸಿದ್ದು ರಾಣಿಯ ಹುಟ್ಟುಹಬ್ಬಕ್ಕೆ. 1882ರಲ್ಲಿ ರಾಣಿ ಕೊಲೆಗಾರನ ಗುಂಡಿನಿಂದ ಪಾರಾದಾಗ ಈ ಹಳ್ಳಿಯವರಿಗೆಲ್ಲ ರೊಟ್ಟಿ, ಟೀ, ಸಕ್ಕರೆ, ಊಟ ಹಂಚಿಸಿದರು. ಇಷ್ಟೆಲ್ಲ ರಾಜನಿಷ್ಠೆಯ ಪ್ರದರ್ಶನವಲ್ಲವೇ? ಇನ್ನೂ ಒಂದು ಮಾತು. ಬಾವಿ ತೋಡುವ ಎರಡು ವರ್ಷ ಮುಂಚೆ, 1860–61ರಲ್ಲಿ, ಗಂಗಾ ಯಮುನೆಗಳ ನಡುವಿನ ಮೇಲಣ ಸೀಮೆಯಲ್ಲಿ ಕ್ಷಾಮ ಬಂದು ಲಕ್ಷಾಂತರ ಜನ ಸತ್ತರು. ಆ ಸೀಮೆಯೂ ಕಾಶಿಯೂ ಆಗ ಒಂದೇ ಪ್ರಾಂತದೊಳಗಿನವು. ಅಲ್ಲಿ ಹುಡುಗರಿಗೆ ಹೊಡೆಯುವುದಕ್ಕೂ ತಾಯಂದಿರಲ್ಲಿ ಶಕ್ತಿ ಉಳಿದಿತ್ತೋ ಇಲ್ಲವೋ. ಹೀಗಿರುವಾಗ ಕಾಶಿಯ ಹಣ ಸಮುದ್ರ ದಾಟಿ, ಪ್ರಪಂಚವನ್ನೇ ಆಳುತ್ತಿದ್ದವರ ನೆಲದಲ್ಲಿ 245 ಮೊಳ ಇಳಿಯಬೇಕಾಗಿತ್ತೇ?

ಆಕೆ ಸಮಾಧಾನವಾಗಿ ಕೇಳಿಸಿಕೊಂಡಳು. “ಆಳೋರು ಬೇರೆ, ನೀರು ಹೊರೋರು ಬೇರೆ. ಈ ಊರ ಹೆಂಗಸರು ಏನು ಆಳ್ತಿದ್ರು?” ಎಂದಳು.

ಉತ್ತರ ಹೇಳುವುದು ಕಷ್ಟವಾಯಿತು. ಪ್ರಪಂಚವನ್ನೆಲ್ಲ ಆಳಿದ ರಾಜ್ಯ ತನ್ನ ರಾಜಧಾನಿಗೆ ನಲವತ್ತು ಮೈಲಿ ದೂರದ ಹಳ್ಳಿಗೆ ಒಂದು ಬಾವಿ ತೋಡಿಸಿರಲಿಲ್ಲ. ಅದನ್ನು ಗಂಗೆಯ ದಡದವನೊಬ್ಬ ಬಂದು ಮಾಡಿಸಬೇಕಾಯಿತು. ನನ್ನ ಆಕ್ಷೇಪ ಸುಳ್ಳೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಕ್ಷಾಮದಲ್ಲಿ ಸತ್ತವರ ಲೆಕ್ಕವನ್ನು ಒಂದು ಬಾವಿ ತೀರಿಸುವುದಿಲ್ಲ. ಆದರೆ ಈ ಬಾವಿಯ ಲೆಕ್ಕವನ್ನೂ ಅದು ಅಳಿಸುವುದಿಲ್ಲ. ಎರಡೂ ಸತ್ಯವನ್ನು ಅಕ್ಕಪಕ್ಕ ಇಟ್ಟುಕೊಂಡು ಬಾಳುವುದೇ ಇತಿಹಾಸ ಓದಿದವನ ಹಣೆಬರಹವೆಂದು ತೋರುತ್ತದೆ.

ವಾಲಿಂಗ್‌ಫರ್ಡಿನಲ್ಲಿ ಕಂಡ ಸನ್ನದಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದೆ. ಅಲ್ಲಿ ಒಬ್ಬ ಅರಸ ಕೊಟ್ಟ. ಇಲ್ಲಿಯೂ ಒಬ್ಬ ಅರಸ ಕೊಟ್ಟ. ನಡುವೆ ಏಳುನೂರು ವರ್ಷ, ಏಳು ಮೈಲಿ. ಹೆನ್ರಿ ಕೊಟ್ಟದ್ದು ತನ್ನ ತಾಯಿಯ ಕೈ ಹಿಡಿದವರಿಗೆ. ಈಶ್ವರೀಪ್ರಸಾದರು ಕೊಟ್ಟದ್ದು ಯಾರೋ ಒಬ್ಬ ತಾಯಿಯ ಕೈ ಮಗನ ಮೇಲೆ ಎತ್ತಿತೆಂಬುದನ್ನು ಕೇಳಿ. ಮೊದಲನೆಯದರಲ್ಲಿ ಋಣ ತೀರಿತು. ಎರಡನೆಯದರಲ್ಲಿ ತೀರಿಸಬೇಕಾದ ಋಣವೇ ಇರಲಿಲ್ಲ. ಆ ತಾಯಿ ಯಾರೆಂದು ಕಾಶಿಯಲ್ಲಿ ಯಾರಿಗೆ ಗೊತ್ತು? ದೊರೆತನಕ್ಕೆ ಸಲ್ಲಿಸಿದ ಕಾಣಿಕೆಯ ಒಳಗೆ ಕರುಣೆ ಹೇಗೋ ನುಸುಳಿಕೊಂಡು ಬಂದಿತೆಂದು ನಾನು ತಿಳಿಯುತ್ತೇನೆ.

ಬಾವಿಯ ನೀರು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಊರಿಗೆ ಬಂದಿತು. ಆಮೇಲೆ ಮನೆಮನೆಗೆ ಕೊಳಾಯಿ ಬಂದು ರಾಟೆ ನಿಂತಿತು. 1961ರಲ್ಲಿ ಎಲಿಜಬೆತ್ ರಾಣಿ ಕಾಶಿಗೆ ಬಂದಾಗ ಅಂದಿನ ಮಹಾರಾಜರು ಈ ಬಾವಿಯ ಅಮೃತಶಿಲೆಯ ಪ್ರತಿಕೃತಿಯನ್ನು ಆಕೆಗೆ ಕೊಟ್ಟರು. 1964ರಲ್ಲಿ ಬಾವಿಗೆ ನೂರು ತುಂಬಿದ ಉತ್ಸವಕ್ಕೆ ಆಕೆಯ ಗಂಡ ಫಿಲಿಪ್ ಬಂದಿದ್ದರು. ಕಾಶಿಯಿಂದ ತಂದ ಗಂಗೆಯ ನೀರನ್ನು ಬಾವಿಯ ನೀರಿನೊಡನೆ ಬೆರೆಸಿದರು. ನಮ್ಮಲ್ಲಿ ಗಂಗೆ ಎಲ್ಲ ಬಾವಿಯಲ್ಲೂ ಇದ್ದಾಳೆ ಎನ್ನುತ್ತೇವೆ. ಚಿಲ್ಟರ್ನ್ ಗುಡ್ಡದ ಈ ಬಾವಿಯ ಮಟ್ಟಿಗೆ ಅದು ಅಕ್ಷರಶಃ ನಿಜ.

ಲಂಡನ್ನಿಗೆ ಹೋಗುವವರು ಒಂದು ಶುಕ್ರವಾರವನ್ನು ವಾಲಿಂಗ್‌ಫರ್ಡಿಗೂ, ಅದರ ಮಾರನೆಯ ದಿನವನ್ನು ಸ್ಟೋಕ್ ರೋಗೂ ಇಟ್ಟುಕೊಳ್ಳಬೇಕೆಂದು ನನ್ನ ಸಲಹೆ. ದುರ್ಗ ಬಿದ್ದು ಹುಲ್ಲಾಗಿದೆ, ಸನ್ನದಿನ ಅಗತ್ಯ ಮುಗಿದಿದೆ. ಬಾವಿಯೂ ಈಗ ಕೆಲಸವಿಲ್ಲದೆ ನಿಂತಿದೆ. ಆದರೆ ಅದು ಸೋತು ನಿಂತದ್ದಲ್ಲ; ಊರಿನ ಯಾವ ಹುಡುಗಿಯೂ ನೀರಿಗಾಗಿ ಶಾಲೆ ಬಿಡಬೇಕಾಗಿಲ್ಲದ ಕಾಲ ಬಂದಿತೆಂದು ನಿಂತದ್ದು. ಅಂಥ ನಿವೃತ್ತಿ ಸಿಗಬೇಕಾದ ಬಾವಿಗಳು ನಮ್ಮ ನಾಡಿನಲ್ಲಿ ಇನ್ನೂ ಉಳಿದಿವೆ.